ಅಕ್ರಾದಲ್ಲಿ ಮಳೆ ಪೂರ್ವದಿಂದ ಬರುತ್ತದೆ

ನಮ್ಮ ಕರಾವಳಿಯ ಗೇರುಬೀಜ ಕಾರ್ಖಾನೆಗಳು ವರ್ಷವಿಡೀ ನಡೆಯಲು ಊರಿನ ಬೀಜ ಸಾಲದು. ಪಶ್ಚಿಮ ಆಫ್ರಿಕಾದಿಂದ ತರಿಸಲೇಬೇಕು. ಅಂಥ ಒಂದು ಕಾರ್ಖಾನೆಗೆ ಬೀಜ ಕೊಳ್ಳುವುದು ನನ್ನ ಕೆಲಸ. ಘಾನಾದ ರಾಜಧಾನಿ ಅಕ್ರಾಕ್ಕೆ ನಾನು ಹೋಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಒಣಗಾಳಿಯ ಕಾಲ ಮುಗಿದು, ಮಳೆ ಇನ್ನೇನು ಬೀಳಬೇಕು ಎನ್ನುವ ಹೊತ್ತು ಅದು. ಪ್ರವಾಸಿಗರಿಗೆ ಎಲ್ಲರೂ ಡಿಸೆಂಬರ್, ಜನವರಿ ಹೇಳುತ್ತಾರೆ. ನನಗೆ ಮಾತ್ರ ಆ ಊರು ಅರ್ಥವಾದದ್ದು ಈ ನಡುವಿನ ವಾರಗಳಲ್ಲೇ. ಮುಂದೆ ಹೋಗುವವರಿಗೆ ಉಪಯೋಗಕ್ಕೆ ಬರಲೆಂದು ಅಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಬಿಸಿಲಿನ ಮಾತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಸಹಾರಾ ಕಡೆಯಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸುತ್ತದೆ. ಅದು ಹೊತ್ತು ತರುವ ದೂಳಿನ ಒಂದು ದೊಡ್ಡ ಮೂಲ ಚಾಡ್ ದೇಶದ ಬೊಡೆಲೆ ತಗ್ಗು. ಬಹಳ ಹಿಂದೆ ಬತ್ತಿಹೋದ ಒಂದು ಮಹಾಸರೋವರದ ತಳ ಅದು. ಆ ದಿನಗಳಲ್ಲಿ ತುಟಿ ಒಡೆಯುತ್ತದೆ, ಸೂರ್ಯ ಮಂಕಾಗುತ್ತಾನೆ, ಆದರೆ ಬೆವರಿನ ಕಷ್ಟವಿಲ್ಲ. ಮಾರ್ಚ್ ಬಂತೆಂದರೆ ಗಾಳಿ ತಿರುಗಿ ಸಮುದ್ರದ ಕಡೆಯಿಂದ ಬೀಸುತ್ತದೆ. ಹಗಲು 32–33 ಡಿಗ್ರಿ, ರಾತ್ರಿಯೂ 25ರ ಆಸುಪಾಸು, ಮೈಯೆಲ್ಲ ಅಂಟು. ಅಂಕಿ ನೋಡಿದರೆ ನಮ್ಮ ಏಪ್ರಿಲ್‌ಗಿಂತ ಹೆಚ್ಚೇನೂ ಅಲ್ಲ. ಆದರೆ ಅಕ್ರಾ ಸಮಭಾಜಕ ವೃತ್ತದಿಂದ ಐದೂವರೆ ಡಿಗ್ರಿಯಷ್ಟೇ ಮೇಲಿದೆ. ಏಪ್ರಿಲ್ ಮೊದಲ ವಾರದಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ. ಪಕ್ಕದ ಬಂದರು ಟೆಮಾದ ಮೂಲಕವೇ ಗ್ರೀನಿಚ್ ರೇಖೆ ಹಾದುಹೋಗುವುದರಿಂದ ಗಡಿಯಾರದ ಹನ್ನೆರಡಕ್ಕೂ ಸೂರ್ಯನ ಹನ್ನೆರಡಕ್ಕೂ ಹೆಚ್ಚು ಅಂತರವಿಲ್ಲ. ಗೋದಾಮಿನ ಅಂಗಳದಲ್ಲಿ ನಿಲ್ಲಿಸಿದ ಕಂಬದ ನೆರಳು ಆ ಹೊತ್ತಿಗೆ ಬುಡದಲ್ಲೇ ಅಡಗಿರುತ್ತದೆ. ನಿಲ್ಲಲು ಒಂದು ಗೇಣು ನೆರಳಿಲ್ಲ. ಅಲ್ಲಿಯವರು ಬೆಳಗಾಗುವ ಮೊದಲೇ ಕೆಲಸಕ್ಕೆ ಹೊರಡುವುದು ಇದಕ್ಕೇ. ನಾನೂ ಆರಕ್ಕೆ ಶುರುಮಾಡಿ ಹನ್ನೊಂದರೊಳಗೆ ಹೊರಗಿನ ಕೆಲಸ ಮುಗಿಸುವುದನ್ನು ರೂಢಿ ಮಾಡಿಕೊಂಡೆ. ಕಾಗದಪತ್ರ, ಮಾತುಕತೆ ಎಲ್ಲ ಮಧ್ಯಾಹ್ನಕ್ಕೆ.

ಎರಡನೆಯದು ಮಳೆ. ನಾವು ಮಂಗಳೂರಿನವರು ಮಳೆಗಾಗಿ ಸಮುದ್ರ ನೋಡಿ ಬೆಳೆದವರು. ಪಡುವಣ ಕಪ್ಪಾದರೆ ಅಂಗಳದ ಬಟ್ಟೆ ಒಳಗೆ ತರುತ್ತೇವೆ. ಟೆಮಾದ ಗೋದಾಮಿನಲ್ಲಿ ಬೀಜ ಆರಿಸುವ ಹೆಂಗಸರ ಮೇಲ್ವಿಚಾರಣೆಗೆ ಒಬ್ಬ ಹಿರಿಯಾಕೆ ಇದ್ದರು. ಎಲ್ಲರೂ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತು ಸಮುದ್ರದ ಕಡೆ ನೋಡುತ್ತಿದ್ದಾಗ ಅವರು ಬಲಗೈಯ ಗೋಣಿದಾರ ಎಡಗೈಗೆ ದಾಟಿಸಿ, ಬಲಗೈಯಿಂದಲೇ ಪೂರ್ವ ತೋರಿಸಿದರು. “ಅಲ್ಲಲ್ಲ ಬಾಸ್, ಆ ಕಡೆ ನೋಡಿ. ಗಾಳಿ ನಿಂತಿತು, ಚೀಲ ಒಳಗೆ ಹಾಕಿಸಿ” ಎಂದರು. ಆಕಾಶದ ಆ ಮೂಲೆ ಸೀಸದ ಬಣ್ಣಕ್ಕೆ ತಿರುಗಿತ್ತು. ಚೀಲಗಳು ಒಳಸೇರಿ ಬಾಗಿಲು ಮುಚ್ಚುವಷ್ಟರಲ್ಲಿ ಕೆಂಪು ದೂಳೆಬ್ಬಿಸಿಕೊಂಡು ತಣ್ಣನೆ ಗಾಳಿ ನುಗ್ಗಿತು. ಅದರ ಬೆನ್ನಿಗೇ ಮಳೆ. ಒಂದು ಗಂಟೆ ಹೊಡೆದು ನಿಂತುಬಿಟ್ಟಿತು.

ಕಾರಣವನ್ನು ಆಮೇಲೆ ಓದಿ ತಿಳಿದೆ. ತೇವ ಬರುವುದು ಸಮುದ್ರದಿಂದಲೇ, ನೈಋತ್ಯದ ಗಾಳಿಯಿಂದಲೇ. ಆದರೆ ಮಳೆ ಸುರಿಸುವ ಗುಡುಗುಮೋಡದ ಸಾಲುಗಳನ್ನು ಮೇಲಿನ ಪೂರ್ವದ ಗಾಳಿ ತಳ್ಳಿಕೊಂಡು ಬರುತ್ತದೆ. ಬೆನಿನ್, ಟೋಗೊ ದಾಟಿ ಅವು ಪಶ್ಚಿಮಕ್ಕೆ ಸಾಗುತ್ತವೆ. ಮಳೆಗಾಲದ ಆರಂಭದ ಮಳೆ ಹೆಚ್ಚಾಗಿ ಇಂಥದ್ದೇ. ಓದಿ ತಿಳಿಯಲು ನನಗೆ ಪುಸ್ತಕ ಬೇಕಾಯಿತು. ಆಂಟಿಗೆ ಗಾಳಿ ನಿಂತದ್ದೇ ಸಾಕಾಯಿತು.

ಆ ಚೀಲಗಳ ಮೇಲೆ ಅಷ್ಟೇಕೆ ಕಾಳಜಿ ಎಂದರೆ, ಘಾನಾದ ಗೇರು ಕೊಯ್ಲು ಮುಗಿಯುತ್ತ ಬರುವುದೂ ಮಳೆ ಶುರುವಾಗುವುದೂ ಒಟ್ಟಿಗೆ. ಬೀಜ ಬರುವುದು ಒಳನಾಡಿನ ಟೆಚಿಮಾನ್, ವೆಂಚಿ, ಸಾಂಪಾ ಕಡೆಯಿಂದ. ಮರದಡಿ ಬಿದ್ದ ಬೀಜ ಒಂದೆರಡು ಮಳೆ ಕುಡಿದರೆ ಒಳಗಿನ ತಿರುಳಿಗೆ ಕಲೆ ಬೀಳುತ್ತದೆ. ನಾವು ಒಂದು ಕಿಲೋ ಬೀಜ ತೆಗೆದು, ಎಣಿಸಿ, ಒಂದೊಂದನ್ನೇ ಸೀಳುತ್ತೇವೆ. ಒಳ್ಳೆಯ ತಿರುಳು ಪೂರ್ತಿ, ಕಲೆಯದ್ದು ಅರ್ಧ ಲೆಕ್ಕ. ಜೊಳ್ಳು, ಹುಳ ತಿಂದದ್ದು ಲೆಕ್ಕಕ್ಕಿಲ್ಲ. ಹೀಗೆ 270 ಗ್ರಾಂ ಬಂದರೆ 80 ಕಿಲೋ ಚೀಲಕ್ಕೆ ಸುಮಾರು 47.6 ಪೌಂಡ್ ತಿರುಳು. ವ್ಯಾಪಾರದಲ್ಲಿ ಇದನ್ನೇ ಔಟ್‌ಟರ್ನ್ ಎನ್ನುವುದು. ಬೆಲೆ ನಿಲ್ಲುವುದು ಈ ಅಂಕಿಯ ಮೇಲೆ. ಮಾರ್ಚಿನಲ್ಲಿ ಸೀಳಿದ ಬೀಜ ಬೆಳ್ಳಗೆ, ಗಟ್ಟಿ. ಮಳೆ ಹಿಡಿದ ಮೇಲೆ ಬಂದದ್ದರಲ್ಲಿ ಕಂದು ಕಲೆ ಹೆಚ್ಚು, ತೇವ ಅಳೆಯುವ ಯಂತ್ರದಲ್ಲಿ ಶೇಕಡಾ ಹತ್ತು ದಾಟುವುದೂ ಉಂಟು. ಅಂಥ ಬೀಜ ಕಂಟೇನರಿನಲ್ಲಿ ವಾರಗಟ್ಟಲೆ ಸಮುದ್ರದ ಮೇಲಿದ್ದರೆ ಬೂಷ್ಟು ಹಿಡಿದೇ ಮಂಗಳೂರಿನ ಪಣಂಬೂರು ಬಂದರಿಗೆ ಬರುತ್ತದೆ. ಇದರಿಂದ ಕಲಿತದ್ದು ಇಷ್ಟು: ಆ ಊರಿನಲ್ಲಿ ಯಾವ ಕೆಲಸವಿದ್ದರೂ ಮೊದಲ ದೊಡ್ಡ ಮಳೆಗೆ ಮುಂಚೆ ಮುಗಿಯುವಂತೆ ಹೊಂದಿಸಬೇಕು, ಕೊನೆಯಲ್ಲಿ ಒಂದೆರಡು ದಿನ ಖಾಲಿ ಉಳಿಸಿಕೊಳ್ಳಬೇಕು.

ಮೂರನೆಯ ಪಾಠ ದುಬಾರಿಯದು. ಅದನ್ನು ಅಕ್ರಾ ತನ್ನ ಜನರ ಪ್ರಾಣ ತೆತ್ತು ಕಲಿತಿದೆ. ಅಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಮಂಗಳೂರಿನಲ್ಲಿ ಜುಲೈ ಒಂದರಲ್ಲೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ಇಷ್ಟು ಕಡಿಮೆ ಮಳೆಯ ಊರಿಗೆ ನೆರೆಯ ಭಯವೇನು ಎನಿಸುವುದು ಸಹಜ. ಆದರೆ 2015ರ ಜೂನ್ 3ರ ರಾತ್ರಿ ಕ್ವಾಮೆ ಎನ್‌ಕ್ರುಮಾ ಸರ್ಕಲ್ ಬಳಿ ನೆರೆನೀರಿಗೆ ಹೆದರಿ ಪೆಟ್ರೋಲ್ ಬಂಕ್‌ನಲ್ಲಿ ಆಶ್ರಯ ಪಡೆದವರು ಅಲ್ಲಿ ಬೆಂಕಿ ಹೊತ್ತಿ ಸ್ಫೋಟವಾಗಿ ಸತ್ತರು. ಆ ರಾತ್ರಿಯ ನೆರೆ, ಬೆಂಕಿ ಸೇರಿ 150ಕ್ಕೂ ಹೆಚ್ಚು ಜನ ಹೋದರು. ಊರಿನ ಹೆಚ್ಚಿನ ನೀರು ಓಡಾ ನದಿ ಸೇರಿ ಕೊರ್ಲೆ ಹಿನ್ನೀರಿನ ಮೂಲಕ ಸಮುದ್ರಕ್ಕೆ ಹೋಗಬೇಕು. ಆ ದಾರಿ ಹೂಳು, ಪ್ಲಾಸ್ಟಿಕ್ಕಿನಿಂದ ಕಟ್ಟಿದೆ. ರಸ್ತೆಬದಿಯಲ್ಲಿ ಮಾರುವ ಅರ್ಧ ಲೀಟರಿನ ನೀರಿನ ಪೊಟ್ಟಣ ಅಲ್ಲಿಯ ಬಡವರ ಬಾಯಾರಿಕೆ ತಣಿಸುತ್ತದೆ. ಖಾಲಿಯಾದ ಮೇಲೆ ಅದೇ ಪೊಟ್ಟಣ ಚರಂಡಿ ಸೇರುತ್ತದೆ. ಒಣಕಾಲದ ಕೊನೆಯಲ್ಲಿ ಹೋದವರಿಗೆ ಈ ತೆರೆದ ಚರಂಡಿಗಳು ತುಂಬಿ ಕುಳಿತಿರುವುದು ಕಣ್ಣಾರೆ ಕಾಣುತ್ತದೆ. ಮಳೆ ಎಷ್ಟು ಎಂಬುದಕ್ಕಿಂತ ನೀರಿಗೆ ದಾರಿ ಎಷ್ಟು ಎಂಬುದೇ ಮುಖ್ಯ ಎಂದು ನಾನು ತಿಳಿದದ್ದು ಅಲ್ಲಿ. ಉಳಿದುಕೊಳ್ಳುವ ಜಾಗ ಆರಿಸುವಾಗ ಬಾಡಿಗೆ ಕೇಳುವ ಮೊದಲು, ಕಳೆದ ಜೂನ್‌ನಲ್ಲಿ ಈ ರಸ್ತೆಯಲ್ಲಿ ನೀರು ನಿಂತಿತ್ತೇ ಎಂದು ಅಕ್ಕಪಕ್ಕದ ಅಂಗಡಿಯಲ್ಲಿ ಕೇಳಿ. ಮಳೆ ಹೊಡೆಯುವಾಗ ಕಾರಿನಲ್ಲಿ ಹೊರಡಬೇಡಿ. ಒಂದು ಗಂಟೆ ಕಾದರೆ ಏನೂ ಹೋಗುವುದಿಲ್ಲ.

ಊರಿನ ಕಟ್ಟುಪಾಡುಗಳೂ ಋತುವಿನೊಂದಿಗೆ ಹೆಣೆದುಕೊಂಡಿವೆ. ಅಕ್ರಾದ ಮೂಲನಿವಾಸಿಗಳು ಗಾ ಜನ. ಅವರ ಕರಾವಳಿಯಲ್ಲಿ ಮಂಗಳವಾರ ಯಾರೂ ಮೀನು ಹಿಡಿಯುವುದಿಲ್ಲ. ಸಮುದ್ರಕ್ಕೆ ಅದು ವಿಶ್ರಾಂತಿಯ ದಿನ. ಜೇಮ್ಸ್‌ಟೌನ್ ತೀರಕ್ಕೆ ಮಂಗಳವಾರ ಹೋದರೆ ಬಣ್ಣ ಬಳಿದ ದೋಣಿಗಳೆಲ್ಲ ದಡದಲ್ಲೇ, ಮೀನುಗಾರರು ಬಲೆ ಹೊಲಿಯುತ್ತ ಕೂತಿರುತ್ತಾರೆ. ಮಾತಾಡಿಸಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ನಮ್ಮ ಬೂತಾಯಿಯ ಕುಲದ್ದೇ ಮೀನು ಅಲ್ಲಿಯೂ ಮುಖ್ಯ. ಅದು ರಾಶಿಯಾಗಿ ಸಿಗುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಆಳದ ತಣ್ಣೀರು ಮೇಲೆ ಬಂದಾಗ. ಏಪ್ರಿಲ್ ಮೀನುಗಾರರ ಮನೆಯಲ್ಲಿ ಕೈ ಬಿಗಿಯಾದ ಕಾಲ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನ ಕೆಂಕೆಯನ್ನು ಹಸಿಮೆಣಸಿನ ಚಟ್ನಿ, ಕರಿದ ಮೀನಿನೊಂದಿಗೆ ತಿನ್ನುವಾಗ ಆ ಸಣ್ಣ ಮೀನಿನ ಬೆಲೆಗೆ ಚೌಕಾಸಿ ಮಾಡಬಾರದು ಎಂದು ನಾನು ನಿರ್ಧರಿಸಿದ್ದೇನೆ. ಮೇ ತಿಂಗಳಿಗೆ ಪ್ರವಾಸ ಮುಂದುವರಿದರೆ ಇನ್ನೊಂದು ನೆನಪಿಡಿ: ಬಿತ್ತನೆಯ ವಿಧಿಗಳೊಂದಿಗೆ ಸುಮಾರು ಒಂದು ತಿಂಗಳು ಡೋಲು, ಗದ್ದಲಕ್ಕೆ ನಿಷೇಧವಿರುತ್ತದೆ. ಆಗಸ್ಟ್‌ನ ಹೋಮೊವೊ ಹಬ್ಬಕ್ಕೆ ಅದು ಪೂರ್ವತಯಾರಿ. ಊರಿಗೆ ಊರೇ ಪಾಲಿಸುವ ಈ ಮೌನವನ್ನು ಅತಿಥಿಯೂ ಪಾಲಿಸಬೇಕು.

ಆರೋಗ್ಯದ ವಿಷಯದಲ್ಲಿ ಸಡಿಲಿಕೆ ಬೇಡವೇ ಬೇಡ. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲಿ, ಹೊರಡಲು ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿಡುತ್ತಾರೆ. ಮಳೆ ಬಿದ್ದಂತೆ ಸೊಳ್ಳೆ ಹೆಚ್ಚುತ್ತದೆ. ಅಲ್ಲಿಯ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಂ ಜಾತಿಯದು, ಬೇಗ ಮಿದುಳಿಗೇರಬಲ್ಲದು. ವೈದ್ಯರು ಕೊಟ್ಟ ತಡೆಮಾತ್ರೆಯನ್ನು ಊರಿಗೆ ಬಂದ ಮೇಲೂ ಅವರು ಹೇಳಿದಷ್ಟು ದಿನ ಮುಂದುವರಿಸಿ. ತಿಂಗಳ ನಂತರ ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದೆ ಎಂಬುದನ್ನೇ ವೈದ್ಯರಿಗೆ ಮೊದಲು ಹೇಳಿ.

ತೆಂಗಿನ ಮರ, ಉಪ್ಪುಗಾಳಿ, ಮೀನಿನ ವಾಸನೆ, ಬಲಗೈಯಲ್ಲೇ ಕೊಟ್ಟು ತೆಗೆದುಕೊಳ್ಳುವ ಮರ್ಯಾದೆ: ಕರಾವಳಿಯವರಿಗೆ ಅಕ್ರಾ ಬೇಗ ಒಗ್ಗುತ್ತದೆ. ಒಗ್ಗಿತು ಎನಿಸಿದಾಗಲೇ ನಮ್ಮೂರಿನ ಲೆಕ್ಕವನ್ನು ಅಲ್ಲಿಗೆ ಹಾಕುವ ಆಸೆ ಹುಟ್ಟುವುದು. ಅದನ್ನು ಬದಿಗಿಡಿ. ಕಾರಿನ ಚಾಲಕ, ಕೆಂಕೆ ಮಾರುವಾಕೆ, ಗೋದಾಮಿನ ಆಂಟಿ ಮಳೆ ಬರುತ್ತದೆ ಎಂದರೆ ಆಕಾಶ ನೋಡಿ ವಾದಿಸುತ್ತ ನಿಲ್ಲದೆ ಒಳಗೆ ಹೋಗಿ.