ಕರಿಯ ತಾಯಿಯ ಹಳದಿ ಮರಿ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ಬೇಟೆಗೆ, ಕಾವಲಿಗೆ, ಮಂದೆ ಕಾಯುವುದಕ್ಕೆ ಎಂದು ತನಗೆ ಬೇಕಾದ ಗುಣಗಳನ್ನು ಆರಿಸಿ ಆರಿಸಿ ಸಾಕಿದುದರ ಫಲವಾಗಿ ಅವನು ನಾಯಿಗಳಲ್ಲಿ ನೂರಾರು ತಳಿಗಳನ್ನು ಬೆಳೆಸಿದ್ದಾನೆ. ಅವುಗಳಲ್ಲಿ ಲ್ಯಾಬ್ರಡಾರ್ ಒಂದು. ಉತ್ತರ ಅಮೆರಿಕದ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ ಬೆಸ್ತರು ಸಾಕುತ್ತಿದ್ದ ನಾಯಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿಗೆ ತರಿಸಿಕೊಂಡು, ಅಲ್ಲಿನ ಸಿರಿವಂತರು ಈ ತಳಿಯನ್ನು ರೂಪಿಸಿದರು. ಬೇಟೆಗಾರನ ಗುಂಡಿಗೆ ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತರುವುದು ಅದರ ಕೆಲಸ. ನೀರು ಒಳಗಿಳಿಯದ ಒತ್ತಾದ ರೋಮ, ಬುಡದಲ್ಲಿ ದಪ್ಪವಾದ ಬಾಲ, ಒಡೆಯನ ಮಾತಿಗೆ ಕಾದಿರುವ ಕಣ್ಣು, ಇವು ಅದರ ಲಕ್ಷಣಗಳು.

ಹೆಣ್ಣುನಾಯಿ ಸುಮಾರು ಅರವತ್ತಮೂರು ದಿನ ಗರ್ಭ ಧರಿಸಿ ಮರಿ ಹಾಕುತ್ತದೆ. ಆಗ ಮರಿಗಳಿಗೆ ಕಣ್ಣು ತೆರೆದಿರುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಮೈಯ ಕಾವನ್ನು ತಾವೇ ಉಳಿಸಿಕೊಳ್ಳಲಾರದೆ ಅವು ಒಂದರ ಮೇಲೊಂದು ಬಿದ್ದು ತಾಯಿಯ ಹೊಟ್ಟೆಗೆ ಅಂಟಿಕೊಂಡಿರುತ್ತವೆ. ತಾಯಿ ಒಂದೊಂದನ್ನೂ ನೆಕ್ಕಿ ಶುಚಿಗೊಳಿಸುತ್ತದೆ. ಎರಡು ವಾರಗಳ ಹೊತ್ತಿಗೆ ಕಣ್ಣು ತೆರೆಯುತ್ತವೆ. ಮೂರನೆಯ ವಾರದಲ್ಲಿ ತೂರಾಡುತ್ತ ನಡೆಯಲಾರಂಭಿಸುತ್ತವೆ. ಆ ಬಳಿಕ ಮನೆಯವರ ಚಪ್ಪಲಿಗಾಗಲಿ ಚಾಪೆಗಾಗಲಿ ಉಳಿಗಾಲವಿಲ್ಲ. ಈ ಎಳೆಯ ವಾರಗಳಲ್ಲಿ ಮರಿಯು ಮನುಷ್ಯರ ಕೈ, ದನಿ, ವಾಸನೆಗಳಿಗೆ ಹೊಂದಿಕೊಳ್ಳಬೇಕು. ಎಂಟು ವಾರ ತುಂಬುವ ಮೊದಲು ಅದನ್ನು ತಾಯಿಯಿಂದ ಅಗಲಿಸುವುದು ತರವಲ್ಲ.

ತಾಯಿಯ ಪಾಲಿಗೆ ಎಲ್ಲ ಮರಿಗಳೂ ಒಂದೇ. ಬಣ್ಣ ನೋಡಿ ಭೇದವೆಣಿಸಿದವನು ಮನುಷ್ಯ. ಹಿಂದೆ ಲ್ಯಾಬ್ರಡಾರ್ ಎಂದರೆ ಕಪ್ಪು ನಾಯಿ ಎಂದೇ ನಂಬಿಕೆಯಿತ್ತು. ಆದರೆ ಅಪ್ಪಟ ಕರಿಯ ತಂದೆತಾಯಿಗಳಿಗೂ ಒಮ್ಮೊಮ್ಮೆ ಹಳದಿಯ ಅಥವಾ ಕಂದುಬಣ್ಣದ ಮರಿ ಹುಟ್ಟುತ್ತಿತ್ತು. ಅಂಥ ಮರಿಯನ್ನು ಕುಲಕ್ಕೆ ತಗುಲಿದ ಕಳಂಕವೆಂದು ಬಗೆದು ಹುಟ್ಟಿದೊಡನೆ ಕೊಂದುಹಾಕುತ್ತಿದ್ದುದೂ ಉಂಟು. 1899ರಲ್ಲಿ ಇಂಗ್ಲೆಂಡಿನ ಮೇಜರ್ ರ್‍ಯಾಡ್‌ಕ್ಲಿಫ್ ಎಂಬವರ ನಾಯಿಗಳಲ್ಲಿ ಇಂಥದೊಂದು ಹಳದಿ ಮರಿ ಹುಟ್ಟಿತು. ಅವರು ಅದನ್ನು ಕೊಲ್ಲಲಿಲ್ಲ. ‘ಬೆನ್ ಆಫ್ ಹೈಡ್’ ಎಂದು ಹೆಸರಿಟ್ಟು ಬೆಳೆಸಿದರು. ದಾಖಲೆಯಲ್ಲಿ ಸೇರಿದ ಮೊದಲ ಹಳದಿ ಲ್ಯಾಬ್ರಡಾರ್ ಅದೇ.

ಕರಿಯ ತಾಯಿಗೆ ಹಳದಿ ಮರಿ ಹುಟ್ಟುವುದೆಂತು? ಇದಕ್ಕೆ ಉತ್ತರವನ್ನು ಗ್ರೆಗರ್ ಮೆಂಡೆಲ್ ಎಂಬ ಸಂನ್ಯಾಸಿಯು ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ ಆಗಲೇ ಕಂಡುಕೊಂಡಿದ್ದನು. 1866ರಲ್ಲಿ ಅಚ್ಚಾದ ಅವನ ಪ್ರಬಂಧವನ್ನು ಅಂದು ಬಹುಮಂದಿ ಗಮನಿಸಲಿಲ್ಲ. 1884ರಲ್ಲಿ ಅವನು ತೀರಿಕೊಂಡನು. ಬೆನ್ ಹುಟ್ಟಿದ ಮರುವರ್ಷ, 1900ರಲ್ಲಿ, ವಿಜ್ಞಾನಲೋಕವು ಮೆಂಡೆಲನ ನಿಯಮಗಳನ್ನು ಮತ್ತೆ ಬೆಳಕಿಗೆ ತಂದಿತು.

ಆ ನಿಯಮವನ್ನು ನಾಯಿಗೆ ಅನ್ವಯಿಸಿ ನೋಡೋಣ. ಪ್ರತಿ ಮರಿಯೂ ಒಂದೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ವಂಶವಾಹಿಗಳನ್ನು ಪಡೆಯುತ್ತದೆ. ಎರಡರಲ್ಲಿ ಒಂದು ಪ್ರಬಲ, ಇನ್ನೊಂದು ದುರ್ಬಲವಾದರೆ ಪ್ರಬಲವಾದುದೇ ಹೊರಗೆ ಕಾಣುತ್ತದೆ. ದುರ್ಬಲವಾದುದು ಅಳಿಯುವುದಿಲ್ಲ, ಮರೆಯಲ್ಲಿದ್ದು ಮುಂದಿನ ಪೀಳಿಗೆಗೆ ಸಾಗುತ್ತದೆ.

ಲ್ಯಾಬ್ರಡಾರಿನ ಬಣ್ಣವನ್ನು ಮುಖ್ಯವಾಗಿ ಎರಡು ಜೊತೆ ವಂಶವಾಹಿಗಳು ನಿರ್ಧರಿಸುತ್ತವೆ. ಮೊದಲನೆಯ ಜೊತೆಯು ಗಾಢವಾದ ವರ್ಣದ್ರವ್ಯವು ಕಪ್ಪಾಗಬೇಕೋ ಕಂದಾಗಬೇಕೋ ಎಂಬುದನ್ನು ಗೊತ್ತುಮಾಡುತ್ತದೆ. ಇಲ್ಲಿ ಕಪ್ಪು ಪ್ರಬಲ, ಕಂದು ದುರ್ಬಲ. ಎರಡನೆಯ ಜೊತೆಯು ಆ ಗಾಢ ವರ್ಣವು ರೋಮದಲ್ಲಿ ಮೂಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುತ್ತದೆ. ನೇಕಾರನ ಮನೆಯಲ್ಲಿ ಬಣ್ಣ ಕಲಸುವವನು ಒಬ್ಬ, ನೂಲನ್ನು ಅದ್ದುವವನು ಇನ್ನೊಬ್ಬನಿದ್ದಂತೆ. ಅದ್ದುವವನು ಬಾರದಿದ್ದರೆ ಬಾನಿಯಲ್ಲಿ ಯಾವ ಬಣ್ಣವಿದ್ದರೇನು? ಎರಡನೆಯ ಜೊತೆಯಲ್ಲಿ ಎರಡೂ ದುರ್ಬಲವಾದಾಗ ರೋಮಕ್ಕೆ ಹಳದಿಯೇ ಉಳಿಯುತ್ತದೆ. ಹಾಲಿನ ಕೆನೆಯ ಬಣ್ಣದಿಂದ ನರಿಯ ಕೆಂಪಿನವರೆಗಿನ ಛಾಯೆಗಳೆಲ್ಲಕ್ಕೂ ‘ಹಳದಿ’ ಎಂದೇ ಹೆಸರು. ವಿಜ್ಞಾನಿಗಳು ಈ ಹಳದಿಯ ವಂಶವಾಹಿಯನ್ನು 2000ದಲ್ಲಿ, ಕಂದಿನದನ್ನು 2002ರಲ್ಲಿ ಗುರುತಿಸಿದರು.

ಕರಿಯ ನಾಯಿಗಳೆರಡೂ ತಮ್ಮಲ್ಲಿ ಕಂದನ್ನೂ ಹಳದಿಯನ್ನೂ ಅಡಗಿಸಿಕೊಂಡಿದ್ದರೆ, ಹದಿನಾರು ಮರಿಗಳಿಗೆ ಸರಾಸರಿ ಒಂಬತ್ತು ಕಪ್ಪು, ಮೂರು ಕಂದು, ನಾಲ್ಕು ಹಳದಿ ಎಂಬ ಲೆಕ್ಕ ಬರುತ್ತದೆ. ಇದು ಸಂಭವದ ಲೆಕ್ಕವೇ ಹೊರತು ವಾಗ್ದಾನವಲ್ಲ. ಒಂದು ಸೂಲಿನಲ್ಲಿ ಹಳದಿ ಮರಿ ಒಂದೂ ಇಲ್ಲದಿರಬಹುದು, ನಾಲ್ಕಾರು ಇರಲೂಬಹುದು. ಹಳದಿ ನಾಯಿಗಳೆರಡು ಕೂಡಿದರೆ ಮಾತ್ರ ಮರಿಗಳೆಲ್ಲವೂ ಹಳದಿಯೇ. ಹಳದಿ ನಾಯಿಯ ಒಳಗುಟ್ಟನ್ನು ಅದರ ಮೂಗು ಹೇಳುತ್ತದೆ. ಮೂಗಿನ ಚರ್ಮ ಕಪ್ಪಾಗಿದ್ದರೆ ಬಾನಿಯಲ್ಲಿರುವುದು ಕಪ್ಪು, ಕಂದಾಗಿದ್ದರೆ ಕಂದು. ಹೀಗೆ ನಿಯಮ ತಿಳಿದವನಿಗೆ ಹಳದಿ ಮರಿಯು ಕಳಂಕವಲ್ಲ. ಅಜ್ಜನ ಅಜ್ಜನಿಂದ ಬಂದಿರಬಹುದಾದ ಆಸ್ತಿ.

ಆದರೆ ತಿಳಿವಳಿಕೆಯೂ ದುರಾಸೆಯೊಡನೆ ಸೇರಿದರೆ ಕೇಡು ತಪ್ಪದು. ಕೋಲಿ ಮೊದಲಾದ ಕೆಲವು ತಳಿಗಳಲ್ಲಿ ‘ಮರ್ಲ್’ ಎಂಬ ಚುಕ್ಕೆಮಚ್ಚೆಯ ಮೈಬಣ್ಣವಿದೆ. ಅದರ ವಂಶವಾಹಿ ಒಂದಿದ್ದರೆ ಮೈ ಚೆಲುವು. ಚೆಲುವಿನ ಆಸೆಯಿಂದ ಮರ್ಲ್ ನಾಯಿಗಳೆರಡನ್ನು ಕೂಡಿಸಿದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ವಂಶವಾಹಿ ಎರಡಾಗಿ ಬರುತ್ತದೆ. ಅಂಥ ಮರಿಯ ಮೈ ಬಹುಪಾಲು ಬೆಳ್ಳಗಾಗುತ್ತದೆ. ಅವುಗಳಲ್ಲಿ ಅನೇಕಕ್ಕೆ ಕಿವಿ ಕೇಳದು, ಕಣ್ಣು ಕಾಣದು. ಎಲ್ಲ ಮರಿಗಳೂ ಕಣ್ಣು ತೆರೆದು ದನಿ ಬಂದೆಡೆಗೆ ತಿರುಗುವ ದಿನ ಅದು ಮಾತ್ರ ಮಲಗಿಯೇ ಇರುತ್ತದೆ.

ಲ್ಯಾಬ್ರಡಾರಿನಲ್ಲಿಯೂ ಎಚ್ಚರಕ್ಕೆ ಕಾರಣವಿದೆ. ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಂದು ನಾಯಿಗಳ ಆಯುಸ್ಸಿನ ಮಧ್ಯಾಂಕ 10.7 ವರ್ಷ, ಉಳಿದ ಬಣ್ಣದವುಗಳದು 12.1 ವರ್ಷ ಎಂದು ಕಂಡುಬಂದಿತು. ಕಿವಿಯ ಮತ್ತು ಚರ್ಮದ ಬೇನೆಗಳೂ ಕಂದು ನಾಯಿಗಳಲ್ಲಿಯೇ ಹೆಚ್ಚಾಗಿದ್ದುವು. ಕಂದು ಮರಿಗಾಗಿ ಕೆಲವೇ ನಾಯಿಗಳನ್ನು ಆರಿಸಿ ಆರಿಸಿ ಕೂಡಿಸಿದಾಗ, ಬಣ್ಣದ ಜೊತೆಗೆ ರೋಗದ ಬೀಜವೂ ಬಂದಿರಬಹುದೆಂಬುದು ಆ ಸಂಶೋಧಕರ ಊಹೆ.

ಮರಿಯನ್ನು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ‘ಯಾವ ಬಣ್ಣ?’ ಎಂಬುದು. ಕೇಳಬೇಕಾದುದು ತಾಯಿಯ ಆರೋಗ್ಯವನ್ನು, ಮರಿಯ ಸ್ವಭಾವವನ್ನು. ಅನೇಕ ದೇಶಗಳಲ್ಲಿ ಲ್ಯಾಬ್ರಡಾರ್ ನಾಯಿಗಳು ಅಂಧರಿಗೆ ದಾರಿ ತೋರುತ್ತವೆ. ಅದರ ಪಟ್ಟಿಯನ್ನು ಹಿಡಿದು ರಸ್ತೆ ದಾಟುವ ಅಂಧನಿಗೆ ತನ್ನ ನಾಯಿ ಕಪ್ಪೋ ಹಳದಿಯೋ ಕಾಣದು. ಅದು ನಿಲ್ಲಬೇಕಾದೆಡೆ ನಿಲ್ಲುತ್ತದೆ, ನಡೆಯಬೇಕಾದೆಡೆ ನಡೆಯುತ್ತದೆ ಎಂಬುದಷ್ಟೇ ಅವನಿಗೆ ಗೊತ್ತು. ಅವನಿಗೆ ಅಷ್ಟು ಸಾಕು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ದಾಖಲೆಯಲ್ಲಿ ಸೇರಿದ ಮೊದಲ ಹಳದಿ ಲ್ಯಾಬ್ರಡಾರಿನ ಹೆಸರೇನು?
2. ಹಳದಿ ನಾಯಿಯ ಒಳಗುಟ್ಟನ್ನು ಯಾವ ಅಂಗವು ತಿಳಿಸುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಣ್ಣ ಕಲಸುವವನ ಮತ್ತು ನೂಲು ಅದ್ದುವವನ ಹೋಲಿಕೆಯನ್ನು ವಿವರಿಸಿರಿ.
2. ಮರ್ಲ್ ನಾಯಿಗಳೆರಡನ್ನು ಕೂಡಿಸಬಾರದೇಕೆ?

ಇ) ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರಿ: ಕಳಂಕ, ಉಳಿಗಾಲ, ವಾಗ್ದಾನ, ಬೆಳಕಿಗೆ ತರು.