ಜಯಘೋಷದಲ್ಲಿ ಅಡಗಿದ ಕೂಗು

ಆಟವು ಮಾನವನ ನಿರ್ಮಲವಾದ ಆನಂದಗಳಲ್ಲಿ ಒಂದು. ಆಟದ ಬಯಲಿನಲ್ಲಿ ಬಡವ ಬಲ್ಲಿದರೆಂಬ ಭೇದವಿಲ್ಲ. ನಿಯಮ ಎಲ್ಲರಿಗೂ ಒಂದೇ. ಹಲವು ರಾಷ್ಟ್ರಗಳು ಸೇರಿ ಆಡುವ ಕ್ರೀಡಾಕೂಟವು ತನ್ನ ನೆಲದಲ್ಲಿ ನಡೆಯಬೇಕೆಂದು ಪ್ರತಿಯೊಂದು ದೇಶವೂ ಹಂಬಲಿಸುವುದು ಸಹಜ. ಆದರೆ ಅತಿಥಿಗಳಿಗಾಗಿ ಅಂಗಳದಲ್ಲಿ ರಂಗವಲ್ಲಿಯನ್ನಿಟ್ಟು, ಒಳಮನೆಯಲ್ಲಿ ತನ್ನವರನ್ನೇ ಹಿಂಸಿಸುವ ಯಜಮಾನನ ಆತಿಥ್ಯವನ್ನು ಏನೆಂದು ಬಗೆಯಬೇಕು? 1978ರಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ನಡೆದ ವಿಶ್ವಕಪ್ ಕಾಲ್ಚೆಂಡಿನ ಪಂದ್ಯಾವಳಿಯು ಈ ಪ್ರಶ್ನೆಯನ್ನು ಲೋಕದ ಮುಂದಿಟ್ಟಿತು.

ಪಂದ್ಯಾವಳಿಯನ್ನು ನಡೆಸುವ ಗೌರವವು ಆ ದೇಶಕ್ಕೆ 1966ರಲ್ಲಿಯೇ ದೊರೆತಿತ್ತು. ಹತ್ತು ವರ್ಷಗಳ ತರುವಾಯ, 1976ರ ಮಾರ್ಚ್ 24ರಂದು, ಜನರಲ್ ವಿಡೇಲಾನ ಮುಂದಾಳುತನದಲ್ಲಿ ಸೇನೆಯು ಅಧಿಕಾರವನ್ನು ಕಿತ್ತುಕೊಂಡಿತು. ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಪತ್ರಕರ್ತರು ಹೀಗೆ ಆಳುವವರಿಗೆ ಬೇಡವಾದವರನ್ನೆಲ್ಲ ಸೈನಿಕರು ಮನೆಗಳಿಂದ ಎಳೆದೊಯ್ದರು. ಅವರ ಮೇಲೆ ಮೊಕದ್ದಮೆಯಿಲ್ಲ, ವಿಚಾರಣೆಯಿಲ್ಲ. ಬಂಧುಗಳು ಹೋಗಿ ಕೇಳಿದರೆ ಅಂಥವರು ತಮ್ಮಲ್ಲಿಲ್ಲವೆಂಬ ಉತ್ತರ. ಇಂಥವರಿಗೆ ‘ಕಾಣೆಯಾದವರು’ ಎಂಬ ಹೆಸರೇ ನಿಂತಿತು.

ದೇಶವೆಲ್ಲ ಭಯದಿಂದ ಮೂಕವಾಗಿದ್ದಾಗ ಕೆಲವು ತಾಯಂದಿರು ಬೀದಿಗಿಳಿದರು. 1977ರ ಏಪ್ರಿಲ್ 30ರಂದು ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ, ಅಧ್ಯಕ್ಷರ ಭವನದೆದುರಿನ ಮೇ ಚೌಕದಲ್ಲಿ, ಹದಿನಾಲ್ವರು ಸ್ತ್ರೀಯರು ಸೇರಿದರು. ಗುಂಪುಗೂಡಿ ನಿಲ್ಲುವುದು ನಿಷಿದ್ಧವೆಂದು ಪೊಲೀಸರು ಗದರಿಸಿದಾಗ, ಅವರು ನಿಲ್ಲದೆ ಚೌಕದ ನಡುವಣ ಸ್ತಂಭವನ್ನು ಸುತ್ತತೊಡಗಿದರು. ಮುಂದೆ ಪ್ರತಿ ಗುರುವಾರವೂ ಈ ಪ್ರದಕ್ಷಿಣೆ ನಡೆಯಿತು. ಹಸುಗೂಸುಗಳಿಗೆ ಕಟ್ಟುವ ಬಿಳಿಯ ಬಟ್ಟೆಯೇ ಅವರ ಶಿರವಸ್ತ್ರವಾಯಿತು. ತಮ್ಮ ಮಕ್ಕಳು ಎಲ್ಲಿ ಎಂಬುದೊಂದೇ ಅವರ ಪ್ರಶ್ನೆ. ಅವರ ಮುಂದಾಳಾಗಿದ್ದ ಅಸುಸೇನಾ ವಿಲ್ಯಾಫ್ಲೋರ್ ಅವರನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಅಪಹರಿಸಲಾಯಿತು. ಆದರೂ ಉಳಿದವರು ಗುರುವಾರವನ್ನು ತಪ್ಪಿಸಲಿಲ್ಲ.

1978ರ ಜೂನ್ 1ರಂದು ಪಂದ್ಯಾವಳಿಯು ಆರಂಭವಾಯಿತು. ಅದೂ ಗುರುವಾರವೇ. ಒಂದೆಡೆ ಮೊನುಮೆಂಟಲ್ ಕ್ರೀಡಾಂಗಣದಲ್ಲಿ ವೈಭವದ ಉದ್ಘಾಟನೆ. ಇನ್ನೊಂದೆಡೆ ಚೌಕದಲ್ಲಿ ತಾಯಂದಿರ ನಡಿಗೆ. ಆಟವನ್ನು ವರದಿಮಾಡಲು ಬಂದಿದ್ದ ನೆದರ್‌ಲ್ಯಾಂಡ್ಸಿನ ದೂರದರ್ಶನದವರು ಈ ತಾಯಂದಿರ ಅಳಲನ್ನು ಚಿತ್ರೀಕರಿಸಿದರು. ಆಳುವವರು ಮರೆಮಾಡಬಯಸಿದ್ದ ಸಂಗತಿಯನ್ನು ಲೋಕವು ಕಣ್ಣಾರೆ ಕಂಡಿತು.

ಕ್ರೀಡಾಂಗಣದಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ನೌಕಾಪಡೆಯ ಯಂತ್ರಶಿಕ್ಷಣ ಶಾಲೆಯಿತ್ತು. ಹೊರಗೆ ಅದು ಶಾಲೆ. ಒಳಗೆ ಗುಪ್ತ ಸೆರೆಮನೆ. ಬದುಕುಳಿದ ಬಂದಿಗಳು, ಪ್ರೇಕ್ಷಕರ ಜಯಘೋಷವು ತಮಗೆ ಒಳಗೆ ಕೇಳಿಸುತ್ತಿತ್ತೆಂದು ಮುಂದೆ ಸಾಕ್ಷ್ಯ ನುಡಿದರು. ಜೂನ್ 25ರಂದು ಅರ್ಜೆಂಟೀನಾವು ನೆದರ್‌ಲ್ಯಾಂಡ್ಸನ್ನು 3-1 ಗೋಲುಗಳಿಂದ ಸೋಲಿಸಿತು. ಆ ರಾತ್ರಿ ಅಧಿಕಾರಿಗಳು ಬಂದಿಯಾಗಿದ್ದ ಒಬ್ಬ ಸ್ತ್ರೀಯನ್ನು ಸಂಭ್ರಮವನ್ನು ತೋರಿಸಲೆಂದು ಕಾರಿನಲ್ಲಿ ಕರೆದೊಯ್ದರು. ಸುತ್ತಲೂ ಸಾವಿರಾರು ಜನ ಹಾಡಿ ಕುಣಿಯುತ್ತಿದ್ದರು. ತಾನು ಕಾಣೆಯಾದವಳೆಂದು ಕೂಗಿದರೂ ಯಾರೂ ಕಿವಿಗೊಡರೆಂದು ಆಕೆಗೆ ಆಗ ಅನಿಸಿತು.

1983ರಲ್ಲಿ ಪ್ರಜಾಪ್ರಭುತ್ವವು ಮರಳಿತು. ಸರ್ಕಾರವು ನೇಮಿಸಿದ ಆಯೋಗವು 1984ರಲ್ಲಿ, ಕಾಣೆಯಾದ ಸುಮಾರು 9,000 ಮಂದಿಯ ವಿವರಗಳನ್ನು ದಾಖಲಿಸಿತು. ಮಾನವ ಹಕ್ಕುಗಳ ಸಂಘಟನೆಗಳು ಆ ಸಂಖ್ಯೆಯನ್ನು 30,000 ಎಂದು ಅಂದಾಜು ಮಾಡಿವೆ. 1985ರಲ್ಲಿ ನ್ಯಾಯಾಲಯವು ವಿಡೇಲಾನಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಆ ನೌಕಾಶಾಲೆಯು ಈಗ ಸ್ಮಾರಕ. 2023ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಂಥ ದೇಶಕ್ಕೆ ಆಡಲು ಹೋಗಬಾರದೆಂದು ಅಂದು ಯುರೋಪಿನ ಹಲವರು ವಾದಿಸಿದರು. ಆಟಕ್ಕೂ ರಾಜಕೀಯಕ್ಕೂ ನಂಟಿಲ್ಲವೆಂದು ಇತರರು ಹೇಳಿದರು. ಎರಡು ಮಾತುಗಳೂ ವಿಚಾರಾರ್ಹವೇ. ಹೋಗದೆ ಇದ್ದಿದ್ದರೆ ಕ್ರೂರಿಗಳಿಗೆ ಮನ್ನಣೆ ದೊರೆಯುತ್ತಿರಲಿಲ್ಲ. ಹೋದುದರಿಂದ ತಾಯಂದಿರ ದನಿ ಹೊರಜಗತ್ತಿಗೆ ಮುಟ್ಟಿತು. ಚೆಂಡನ್ನು ಒದ್ದ ಆಟಗಾರನಾಗಲಿ, ನಲಿದ ಪ್ರೇಕ್ಷಕನಾಗಲಿ ಅಪರಾಧಿಯಲ್ಲ. ಆದರೆ ಆ ನಲಿವನ್ನು ತೆರೆಯಾಗಿ ಎಳೆದು ಅದರ ಹಿಂದೆ ಅನ್ಯಾಯವೆಸಗುವವರು ಇರುತ್ತಾರೆಂಬುದನ್ನು ನಾವು ಮರೆಯಲಾಗದು. ಮೊಕದ್ದಮೆಯಿಲ್ಲದೆ ಸೆರೆಗೆ ದೂಡಲ್ಪಡದಿರುವುದು, ಹಿಂಸೆಗೆ ಒಳಗಾಗದಿರುವುದು ವಿಶ್ವಸಂಸ್ಥೆಯು 1948ರಲ್ಲಿ ಸಾರಿದ ಹಕ್ಕುಗಳು. ಅವು ಎಲ್ಲ ನಾಡಿನ ಮನುಷ್ಯರಿಗೂ ಸಲ್ಲುವಂಥವು. ಆಟವನ್ನು ಮನಸಾರೆ ನೋಡಿ ನಲಿಯೋಣ; ಕ್ರೀಡಾಂಗಣದ ಹೊರಗೆ ಯಾರಾದರೂ ಬಿಳಿಯ ವಸ್ತ್ರವನ್ನು ಹೊದ್ದು ಮೌನವಾಗಿ ನಡೆಯುತ್ತಿದ್ದರೆ, ಅವರು ಏನನ್ನು ಕೇಳುತ್ತಿದ್ದಾರೆಂದು ವಿಚಾರಿಸುವಷ್ಟು ವ್ಯವಧಾನವನ್ನೂ ಉಳಿಸಿಕೊಳ್ಳೋಣ.