ಹಲ್ಲಿಗಿಂತ ಮೊದಲು ಒಸಡು

ಹಲ್ಲು ಬೀಳುವುದು ಮುಪ್ಪಿನ ಧರ್ಮವೆಂದು ನಮ್ಮ ಕಡೆಯ ಹಿರಿಯರ ನಂಬಿಕೆ. ಐವತ್ತು ತುಂಬುವ ಮೊದಲೇ ಕಡಕ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿಕೊಂಡು ಉಣ್ಣುವವರು ಕಲಬುರಗಿ, ಕಮಲಾಪುರಗಳ ಸುತ್ತಿನ ಹಳ್ಳಿಗಳಲ್ಲಿ ಇದ್ದಾರೆ. ನಮ್ಮ ಅವ್ವನನ್ನು ಕೇಳಿದರೆ, "ವಯಸ್ಸಾತಂದ್ರ ಹಲ್ಲು ಹೋಗೂವೇ" ಎಂದು ಮಾತು ಮುಗಿಸಿಬಿಡುತ್ತಾಳೆ. ವೈದ್ಯಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ದೊಡ್ಡವರ ಹಲ್ಲು ಹೋಗುವುದಕ್ಕೆ ಹುಳುಕು ಒಂದು ಕಾರಣವಾದರೆ, ಒಸಡಿನ ರೋಗ ಇನ್ನೊಂದು. ಇವೆರಡನ್ನೂ ಬಹುಮಟ್ಟಿಗೆ ತಡೆಯಬಹುದು. ನಾನು ಇತಿಹಾಸ, ಕನ್ನಡಗಳನ್ನು ಓದುವವನು. ಆದರೂ ಈ ವಿಷಯವನ್ನು ತಿಳಿದುಕೊಳ್ಳಲು ವೈದ್ಯನೇ ಆಗಬೇಕಾಗಿಲ್ಲವೆಂದು ಕಂಡುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ತೆಳುವಾದ ಅಂಟು ಪದರವೊಂದು ಮತ್ತೆ ಕೂಡುತ್ತದೆ. ಅದು ಅಸಂಖ್ಯ ಸೂಕ್ಷ್ಮಜೀವಿಗಳ ವಸತಿ. ದಿನದಿನವೂ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಖನಿಜಾಂಶ ಸೇರಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಹೋಗದು. ಈ ಪದರವು ಒಸಡಿನ ಅಂಚಿನಲ್ಲಿ ನಿಂತಾಗ ಒಸಡು ಕೆಂಪಾಗಿ ಬಾಯುತ್ತದೆ, ಉಜ್ಜಿದರೆ ರಕ್ತ ಬರುತ್ತದೆ. ಇದು ಮೊದಲನೆಯ ಹಂತ. ಇಲ್ಲಿಯವರೆಗೆ ಆದ ಕೇಡೆಲ್ಲವೂ ಹಿಂದಿರುಗಬಲ್ಲದು. ಎರಡನೆಯ ಹಂತದಲ್ಲಿ ಒಸಡು ಹಲ್ಲನ್ನು ಬಿಟ್ಟು ನಡುವೆ ಸಂದು ಉಂಟಾಗುತ್ತದೆ. ನಿರೋಗಿಯ ಒಸಡಿನಲ್ಲಿ ಈ ಸಂದಿನ ಆಳ 1ರಿಂದ 3 ಮಿಲಿಮೀಟರು. ರೋಗ ಬೆಳೆದಂತೆ ಅದೂ ಆಳವಾಗುತ್ತದೆ, ಕೀವು ಸೇರುತ್ತದೆ, ಹಲ್ಲನ್ನು ಹಿಡಿದಿರುವ ಎಲುಬು ಕರಗುತ್ತದೆ. ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಇಷ್ಟೆಲ್ಲ ನಡೆಯುವಾಗಲೂ ನೋವು ಇರುವುದು ಅಪರೂಪ. ನೋವಿಲ್ಲದುದರಿಂದಲೇ ನಮ್ಮವರು ಆಸ್ಪತ್ರೆಯ ದಾರಿ ಹಿಡಿಯುವುದಿಲ್ಲ.

ನಮ್ಮಂಥ ವಿದ್ಯಾರ್ಥಿಗಳ ಮೇಲೆಯೇ ನಡೆದ ಪ್ರಯೋಗವೊಂದನ್ನು ಇಲ್ಲಿ ಹೇಳಬೇಕು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆರಾಲ್ಡ್ ಲೋ ಎಂಬ ವಿದ್ವಾಂಸರು ಹನ್ನೆರಡು ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು. 10ರಿಂದ 21 ದಿನಗಳೊಳಗೆ ಪ್ರತಿಯೊಬ್ಬರ ಒಸಡೂ ಬಾತಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಗುಣವಾಯಿತು. 1965ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ರೋಗದ ಮೂಲ ಆ ಅಂಟು ಪದರವೇ ಎಂಬುದು ಸ್ಪಷ್ಟವಾಯಿತು. ಪರೀಕ್ಷೆ ಹತ್ತಿರ ಬಂದಾಗ ರಾತ್ರಿಯೆಲ್ಲ ಓದಿ, ಬೆಳಿಗ್ಗೆ ಬಾಯಿ ಮುಕ್ಕಳಿಸಿ ಚಹಾಕ್ಕೆ ಓಡುವ ಖೂಬಾ ಪ್ಲಾಟಿನ ಬಾಡಿಗೆ ಕೋಣೆಗಳ ಮಿತ್ರರು ಈ ದಿನಗಳ ಲೆಕ್ಕವನ್ನು ನೆನಪಿಡಬೇಕು.

ನಮ್ಮ ಭಾಗದ ವಿಶೇಷ ಶತ್ರುವೆಂದರೆ ತಂಬಾಕು. ಹುರಿದು ಪುಡಿ ಮಾಡಿದ ತಂಬಾಕನ್ನು, ಅಂದರೆ ಮಿಶ್ರಿಯನ್ನು, ಹಲ್ಲಿಗೆ ತಿಕ್ಕುವ ರೂಢಿ ಮಹಾರಾಷ್ಟ್ರದಂತೆ ನಮ್ಮಲ್ಲಿಯೂ ಉಂಟು. ಹಲ್ಲು ಗಟ್ಟಿಯಾಗಲೆಂದು ಹಿಡಿದ ಪುಡಿ ಚಟವಾಗಿ ನಿಲ್ಲುತ್ತದೆ, ಒಸಡನ್ನು ಸವೆಸುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಬೀಡಿ, ಸಿಗರೇಟಿನ ಮೋಸ ಬೇರೆ ತರಹದ್ದು: ಸೇದುವವರ ಒಸಡಿನಿಂದ ರಕ್ತ ಕಡಿಮೆ ಬರುವುದರಿಂದ ರೋಗವಿದ್ದರೂ ಇಲ್ಲದಂತೆ ತೋರುತ್ತದೆ. ಗುಟಖಾವನ್ನು ಕರ್ನಾಟಕದಲ್ಲಿ 2013ರಲ್ಲಿ ನಿಷೇಧಿಸಲಾಯಿತು. ಜನರ ಬಾಯಿ ಆ ಆಜ್ಞೆಯನ್ನು ಇನ್ನೂ ಪೂರ್ತಿ ಓದಿದಂತಿಲ್ಲ. ಸಕ್ಕರೆ ರೋಗವಿದ್ದವರಲ್ಲಿ ಒಸಡು ಬೇಗ ಕೆಡುತ್ತದೆ, ಕೆಟ್ಟ ಒಸಡಿನಿಂದ ಸಕ್ಕರೆಯೂ ಹತೋಟಿ ತಪ್ಪುತ್ತದೆ.

ಇನ್ನು ಬೇವಿನ ಕಡ್ಡಿಯ ವಿಚಾರ. ಅದನ್ನು ಹಳ್ಳಿಯ ಪದ್ಧತಿಯೆಂದು ಹೀಗಳೆಯುವುದು ಸರಿಯಲ್ಲ. ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮಾಡಿಕೊಂಡು ಮೆಲ್ಲಗೆ ಉಜ್ಜಿದರೆ ಪದರ ಹೋಗುತ್ತದೆ. ಆದರೆ ಒಳಬದಿಗೂ ಸಂದುಗಳಿಗೂ ಅದು ಸುಲಭವಾಗಿ ತಲುಪದು. ಇದ್ದಿಲು, ಇಟ್ಟಿಗೆ ಪುಡಿಗಳು ಮಾತ್ರ ಹಲ್ಲನ್ನೇ ಸವೆಸುತ್ತವೆ. ಮೃದುವಾದ ಬ್ರಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಎರಡು ನಿಮಿಷ, ಬೆಳಿಗ್ಗೆ ಮತ್ತು ಮಲಗುವ ಮುಂಚೆ ಉಜ್ಜಬೇಕು. ರಕ್ತ ಬಂದಿತೆಂದು ಹೆದರಿ ಉಜ್ಜುವುದನ್ನು ಬಿಟ್ಟರೆ ರೋಗ ಹೆಚ್ಚುತ್ತದೆ. ಉಪ್ಪುನೀರು ಬಾವಿಗೆ ಹಿತ, ಆದರೆ ಗಟ್ಟಿಯಾದ ಕಿಟ್ಟವನ್ನು ತೆಗೆಯಲಾರದು.

ಅದನ್ನು ತೆಗೆಯುವವರು ದಂತವೈದ್ಯರು. "ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲಾಗುತ್ತವೆ" ಎಂಬ ಮಾತನ್ನು ಓದಿದವರ ಬಾಯಲ್ಲಿಯೂ ಕೇಳಿದ್ದೇನೆ. ಎಲುಬು ಕರಗಿ ಸಡಿಲಾದ ಹಲ್ಲನ್ನು ಅಷ್ಟು ದಿನ ಕಿಟ್ಟವೇ ಒತ್ತಿ ಹಿಡಿದಿರುತ್ತದೆ. ಅದು ಹೋದೊಡನೆ ಒಳಗಿದ್ದ ಸಡಿಲು ಹೊರಗೆ ಕಾಣುತ್ತದೆ. ಬಾವು ಇಳಿದ ಮೇಲೆ ಎಷ್ಟೋ ಹಲ್ಲುಗಳು ಬಿಗಿಯಾಗುವುದೂ ಉಂಟು. ಸಂದು ಆಳವಾಗಿದ್ದರೆ ಬೇರಿನವರೆಗೆ ಶುಚಿಮಾಡುತ್ತಾರೆ. ಅದಕ್ಕೂ ಮೀರಿದರೆ ಒಸಡನ್ನು ಬಿಡಿಸಿ ಶಸ್ತ್ರಕ್ರಿಯೆ ಮಾಡಿ ಹೊಲಿಯುತ್ತಾರೆ. ಆಮೇಲೆಯೂ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ನಮ್ಮ ಊರಿನಲ್ಲಿಯೇ, ಸೇಡಂ ರಸ್ತೆಯಲ್ಲಿ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಕಾಲೇಜು ಇದೆ. ಇಂತಹ ಕಾಲೇಜುಗಳಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲಿ ಚಿಕಿತ್ಸೆ ಕಲಿಯುತ್ತಾರೆ. ಖರ್ಚು ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆ. ಸರದಿಗಾಗಿ ಕಾಯಬೇಕಾಗುವುದರಿಂದ ಹಳ್ಳಿಯಿಂದ ತಂದೆತಾಯಿಗಳನ್ನು ಕರೆತರುವವರು ಬೆಳಗಿನ ಬಸ್ಸನ್ನೇ ಹಿಡಿಯುವುದು ಒಳ್ಳೆಯದು.